ಎಲೆ ಎಷ್ಟು, ಜನ ಎಷ್ಟು?

ಮೊನ್ನೆ ರಾತ್ರಿ ಪಾತ್ರೆ ತೊಳೀತಿದ್ದೆ. ಮೊದಲ ಪಿಯುಸಿ ಓದೋ ಮಗಳು ಸೆಟ್ಸ್ ಪಾಠ ಹಿಡಿದು ಬಂದಳು. "ಅಮ್ಮಾ, 1, 2, 3... ಮುಗಿಯೋದೇ ಇಲ್ಲ. 2, 4, 6... ಅದೂ ಮುಗಿಯಲ್ಲ. ಆದ್ರೆ ಸಮಸಂಖ್ಯೆಗಳು ಅರ್ಧ ತಾನೇ ಇರಬೇಕು?"

ನನ್ನ ಕೈ ಅಲ್ಲೇ ನಿಂತಿತು. ಇದನ್ನೇ ನಾನೂ ತರಗತಿಯಲ್ಲಿ ಕೇಳಿದ್ದೆ. "ಪರೀಕ್ಷೆಗೆ ಬರೋದನ್ನು ಓದಮ್ಮ" ಅಂದಿದ್ದರು ಮೇಷ್ಟ್ರು. ಎಲ್ಲರೂ ನಕ್ಕಿದ್ದರು. ಆಮೇಲೆ ನಾನು ಗಣಿತದ ಪೀರಿಯಡ್ಡಿನಲ್ಲಿ ಬಾಯಿ ತೆರೆಯಲಿಲ್ಲ. ಡಿಗ್ರಿಯಲ್ಲಿ ಆ ವಿಷಯವನ್ನೇ ಬಿಟ್ಟೆ. ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ನಂತರ, ಲೈಬ್ರರಿಯ ಪುಸ್ತಕವೊಂದರಲ್ಲಿ.

"ಮದುವೆ ಪಂಕ್ತಿ ನೆನೆಸಿಕೋ" ಅಂದೆ. "ಒಂದು ಎಲೆಗೆ ಒಬ್ಬರು. ಎಲೆಯೂ ಖಾಲಿ ಇಲ್ಲ, ಯಾರೂ ನಿಂತಿಲ್ಲ. ಎಣಿಸದೆಯೇ ಎರಡೂ ಸಮ ಅನ್ನಬಹುದಲ್ವಾ? ಈಗ 1ಕ್ಕೆ 2, 2ಕ್ಕೆ 4, 3ಕ್ಕೆ 6 ಜೋಡಿಸು. ಯಾವುದಾದರೂ ಉಳಿಯುತ್ತಾ?"

ಉಳಿಯಲ್ಲ. ಅಂದರೆ ಎರಡೂ ಗಣಗಳ ಗಾತ್ರ ಒಂದೇ. ಈ ಗಾತ್ರಕ್ಕೇ ಕಾರ್ಡಿನ್ಯಾಲಿಟಿ ಅನ್ನೋದು.

"ಹಾಗಾದ್ರೆ ಅನಂತ ಎಲ್ಲಾ ಒಂದೇನಾ?"

ಅಲ್ಲ! ಜರ್ಮನಿಯ ಹಾಲೆಯಲ್ಲಿ ಪಾಠ ಹೇಳುತ್ತಿದ್ದ ಗಿಯೋರ್ಗ್ ಕ್ಯಾಂಟರ್ ಇದನ್ನು 1874ರಲ್ಲೇ ಸಾಧಿಸಿ ತೋರಿಸಿದ್ದರು. 1891ರಲ್ಲಿ ಇನ್ನೂ ಸುಲಭದ ದಾರಿ ಕೊಟ್ಟರು. 0 ಮತ್ತು 1ರ ನಡುವಿನ ದಶಮಾಂಶ ಸಂಖ್ಯೆಗಳನ್ನೆಲ್ಲ ಒಂದರ ಕೆಳಗೊಂದು ಪಟ್ಟಿ ಮಾಡಿದ್ದೀವಿ ಅಂದುಕೊಳ್ಳಿ. ಮೊದಲ ಸಂಖ್ಯೆಯ ಮೊದಲ ಅಂಕೆ ನೋಡಿ: 5 ಇದ್ದರೆ 4 ಬರೆಯಿರಿ, ಬೇರೆ ಏನಿದ್ದರೂ 5. ಎರಡನೆಯದರ ಎರಡನೇ ಅಂಕೆಗೂ, ಮೂರನೆಯದರ ಮೂರನೇ ಅಂಕೆಗೂ ಹೀಗೇ. ಹುಟ್ಟುವ ಹೊಸ ಸಂಖ್ಯೆ ಪಟ್ಟಿಯ ಪ್ರತಿಯೊಂದಕ್ಕಿಂತ ಒಂದಲ್ಲ ಒಂದು ಅಂಕೆಯಲ್ಲಿ ಬೇರೆ. ಎಲೆ ಅನಂತ ಹಾಕಿದರೂ ಒಬ್ಬರು ನಿಂತೇ ಇದ್ದಾರೆ!

"ಅವರಿಗೂ ಎಲೆ ಹಾಕಿಬಿಟ್ರೆ?" ಅಂದಳು.

"ಹಾಕು. ಹೊಸ ಪಟ್ಟಿಗೂ ಅದೇ ಆಟ ಆಡಿದರೆ ಇನ್ನೊಬ್ಬರು ಬರ್ತಾರೆ."

ಆ ಕಾಲದ ದೊಡ್ಡ ಗಣಿತಜ್ಞ ಕ್ರೋನೆಕರ್ ಕ್ಯಾಂಟರ್ ವಿಚಾರಗಳನ್ನು ಕಡೆತನಕ ವಿರೋಧಿಸಿದರು. ಇವತ್ತು ನಮ್ಮ ಮಕ್ಕಳ ಪಠ್ಯದಲ್ಲೇ ಗಣಗಳಿವೆ.

ಮಗಳು ಪುಸ್ತಕ ಮುಚ್ಚಿ, "ನಾಳೆ ಕ್ಲಾಸಲ್ಲಿ ಕೇಳ್ತೀನಿ. ನಕ್ಕರೆ?" ಅಂದಳು.

"ನಗಲಿ ಬಿಡು. ನೀನು ಮಾತ್ರ ಕೇಳೋದು ನಿಲ್ಲಿಸಬೇಡ" ಅಂದೆ. ಹೇಳಿದ್ದು ಅವಳಿಗಾದರೂ, ಕೇಳಿಸಿಕೊಂಡಿದ್ದು ಆ ಬೆಂಚಿನ ಹುಡುಗಿ.