ಸದ್ದು ಎಲ್ಲಿಂದ ಬರ್ತಿದೆ?

ಗ್ಯಾರೇಜಿನಲ್ಲಿ ನಿಂತು ಕಾರಿನ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದವರಿಗೆ ಮಾತ್ರ ಆ ಮುಜುಗರ ಗೊತ್ತು. "ಝರ್ರ್ ಅನ್ನುತ್ತೆ... ಅಲ್ಲಲ್ಲ, ಸ್ಟೀಲ್ ಡಬ್ಬಿಗೆ ನಾಲ್ಕು ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗೆ." ಪಕ್ಕದಲ್ಲಿ ಬೈಕ್ ಸರ್ವಿಸಿಗೆ ಬಂದವರು ನಗು ತಡ್ಕೊಂಡು ಫೋನ್ ನೋಡ್ತಿರ್ತಾರೆ. ನಗಲಿ ಬಿಡಿ. ಮೆಕ್ಯಾನಿಕ್‌ಗೆ ನೀವು ಕೊಡಬಹುದಾದ ಅತ್ಯಂತ ಉಪಯುಕ್ತ ಮಾಹಿತಿ ಅದೇ. ಗಡಗಡ ಬೇರೆ, ಲೊಡಲೊಡ ಬೇರೆ, ಕಿರಕಿರ ಬೇರೆ. ಗಡಗಡ ಅಂದ್ರೆ ಭಾರದ ವಸ್ತು ಸಡಿಲವಾಗಿದೆ. ಝರ್ರ್ ಅಂದ್ರೆ ತೆಳು ತಗಡು. ಕಿರ್ ಅಂದ್ರೆ ಹೆಚ್ಚಾಗಿ ಒಣಗಿದ ರಬ್ಬರು, ಇಲ್ಲಾ ಬ್ರೇಕು.

ನಮ್ಮದು ಝರ್ರ್. ನಮ್ಮದು ಅಂದ್ರೆ ಅಪ್ಪನದು. ಹಾಸನದ ಮನೆಯಲ್ಲಿರೋ 2009ರ ಸಣ್ಣ ಪೆಟ್ರೋಲ್ ಕಾರು. ಹದಿನೈದು ವರ್ಷ ತುಂಬಿ, ಆರ್‌ಸಿ ಇನ್ನೈದು ವರ್ಷಕ್ಕೆ ರಿನ್ಯೂ ಆಗಿದೆ. ಇಂಜಿನ್ ಚೆನ್ನಾಗಿದೆ, ಅಪ್ಪ ದಿನಾ ಬೆಳಿಗ್ಗೆ ಒರೆಸ್ತಾರೆ. ಆದರೆ ಮೂರು ತಿಂಗಳಿಂದ ಈ ಸದ್ದು. ಒಂದು ಗ್ಯಾರೇಜಿನಲ್ಲಿ "ಸಸ್ಪೆನ್ಷನ್ ಪೂರ್ತಿ ಮಾಡಿಸ್ಬೇಕು ಸಾರ್, ಇಪ್ಪತ್ತೆರಡು ಸಾವಿರ" ಅಂದ್ರು. ಇನ್ನೊಂದರಲ್ಲಿ ಕಾರನ್ನು ಸರಿಯಾಗಿ ನೋಡದೆಯೇ "ಹದಿನೈದು ವರ್ಷ ಆಯ್ತಲ್ಲ, ಕೊಟ್ಬಿಡಿ" ಅಂದ್ರು. ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವ ಪ್ಲ್ಯಾನ್ ಇತ್ತು. "ಘಾಟಿಯಲ್ಲಿ ಏನಾದ್ರೂ ಕಳಚ್ಕೊಂಡ್ರೆ? ನಾನು ಬರಲ್ಲ, ಬಸ್ಸಲ್ಲಿ ಹೋಗೋಣ" ಅಂತ ಅಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ರು. ಅಪ್ಪನ ವಾದ ಬೇರೆಯೇ: "ಯಾವ ಸದ್ದೋ? ನಂಗೇನೂ ಕೇಳಲ್ಲಪ್ಪ."

ಈ ಕಾರು ಕೊಟ್ರೆ ಅಪ್ಪ ಇನ್ನೊಂದು ತಗೊಳ್ಳಲ್ಲ ಅಂತ ನನಗೆ ಗೊತ್ತಿತ್ತು. ತರಕಾರಿ, ಬ್ಯಾಂಕು, ಅರಸೀಕೆರೆಯ ಅತ್ತೆ ಮನೆ, ಎಲ್ಲಕ್ಕೂ ಆಮೇಲೆ ಯಾರನ್ನಾದ್ರೂ ಕೇಳ್ಬೇಕು. ಕೇಳೋದು ಅವರ ಜಾಯಮಾನವೇ ಅಲ್ಲ. ಹಾಗಾಗಿ ಒಂದು ವಾರ ಊರಿಂದಲೇ ಕೆಲಸ ಮಾಡ್ತೀನಿ ಅಂತ ಆಫೀಸಿಗೆ ಹೇಳಿ ಹೋದೆ.

ಇಂಥ ಹುಡುಕಾಟದಲ್ಲಿ ಸ್ಪ್ಯಾನರ್ ಕೊನೆಗೆ ಬರಬೇಕು. ಸದ್ದು ಎಲ್ಲಿಂದ ಅನ್ನೋದಕ್ಕಿಂತ ಮೊದಲ ಪ್ರಶ್ನೆ, ಯಾವಾಗ? ಕಾರಿನ ಸದ್ದು ಮೂರರಲ್ಲಿ ಒಂದರ ತಾಳಕ್ಕೆ ಕುಣಿಯುತ್ತೆ: ಇಂಜಿನ್, ಚಕ್ರ, ರಸ್ತೆ. ಹಂಪ್ ಹಾರಿದಾಗ ಮಾತ್ರ ಬಂದ್ರೆ ಸಸ್ಪೆನ್ಷನ್ ಮೇಲೆ ಅನುಮಾನ. ವೇಗ ಹೆಚ್ಚಾದಂತೆ ಸದ್ದಿನ ಲಯವೂ ಬಿರುಸಾದ್ರೆ ಚಕ್ರದ ಕಡೆ ನೋಡಬೇಕು. ಇಂಥ ಸಣ್ಣ ಕಾರಿನ ಚಕ್ರ 40 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು ಆರು ಸುತ್ತು ಹೊಡೆಯುತ್ತೆ, ಕಿವಿಗೊಟ್ಟರೆ ಆ ಲಯ ಹಿಡಿಯಬಹುದು. ಕಾರು ನಿಂತಿದ್ದಾಗಲೂ ಬಂದ್ರೆ ಇಂಜಿನ್ ಮತ್ತು ಅದಕ್ಕೆ ಅಂಟಿಕೊಂಡ ಸಂಸಾರ.

ಅಂಗಳದಲ್ಲೇ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಆಕ್ಸಿಲರೇಟರ್ ಒತ್ತಿದೆ. ಆರ್‌ಪಿಎಂ ಮುಳ್ಳು 1,500ರ ಹತ್ತಿರ ಬಂದಾಗ ಝರ್ರ್! 2,000 ದಾಟಿದ್ರೆ ಮಾಯ. ಇಷ್ಟಕ್ಕೇ ಇಪ್ಪತ್ತೆರಡು ಸಾವಿರದ ಸಸ್ಪೆನ್ಷನ್ ಕಥೆ ಮುಗೀತು. ನಿಂತ ಕಾರಿನಲ್ಲಿ ಸದ್ದು ಮಾಡೋಕೆ ಅದಕ್ಕೇನು ಕೆಲಸ? ನಮ್ಮ ಕೋಡಿನಲ್ಲಿ ಬಗ್ ಹುಡುಕೋದೂ ಹೀಗೇ. ಗಿಟ್ ಬೈಸೆಕ್ಟ್ ಬಳಸಿದವರಿಗೆ ಗೊತ್ತಿರುತ್ತೆ, ಪ್ರತಿ ಸಲ ಅರ್ಧ ಅರ್ಧ ಕೈಬಿಡ್ತಾ ಹೋದ್ರೆ ಸಾವಿರ ಕಮಿಟ್‌ಗಳಲ್ಲಿ ಕೆಟ್ಟದ್ದು ಯಾವುದು ಅಂತ ಹೇಳೋಕೆ ಹತ್ತು ಪರೀಕ್ಷೆ ಸಾಕು.

1,500ರಲ್ಲೇ ಯಾಕೆ? ನಾಲ್ಕು ಸಿಲಿಂಡರಿನ ಇಂಜಿನ್‌ನಲ್ಲಿ ಒಂದು ಸುತ್ತಿಗೆ ಎರಡು ಸಲ ಇಂಧನ ಉರಿಯುತ್ತೆ. 1,500 ಅಂದ್ರೆ ಸೆಕೆಂಡಿಗೆ 25 ಸುತ್ತು, 50 ತಳ್ಳು. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ್ರೆ ಮಾತ್ರ ಎತ್ತರಕ್ಕೆ ಹೋಗುತ್ತಲ್ಲ, ಹಾಗೆ ಎಲ್ಲೋ ಒಂದು ಸಡಿಲ ತಗಡಿಗೆ ಆ ತಳ್ಳು ಸರಿಯಾಗಿ ಹೊಂದ್ತಿದೆ.

ಆಮೇಲೆ ಕಾರು ಖಾಲಿ ಮಾಡಿದೆ. ಇದನ್ನು ಮಾಡದೆ ಗ್ಯಾರೇಜಿಗೆ ಹೋಗಲೇಬೇಡಿ. ಡಿಕ್ಕಿಯಲ್ಲಿ ಜಾಕು, ಖಾಲಿ ನೀರಿನ ಕ್ಯಾನು, ಯಾವುದೋ ಮದುವೆಯ ತೆಂಗಿನಕಾಯಿ. ಗ್ಲೋವ್ ಬಾಕ್ಸಿನಲ್ಲಿ ಟೋಲ್ ಚೀಟಿ, ಚಿಲ್ಲರೆ, ಕುಂಕುಮದ ಡಬ್ಬಿ. ಎಲ್ಲ ತೆಗೆದ ಮೇಲೂ ಝರ್ರ್ ಹಾಗೇ ಇತ್ತು.

ಇನ್ನು ಎಲ್ಲಿ? ಇಲ್ಲಿ ಕಿವಿಯನ್ನು ನಂಬೋ ಹಾಗಿಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋದ್ರೆ ಉಕ್ಕಿನಲ್ಲಿ 5,000 ಮೀಟರ್ ಆಸುಪಾಸು. ಒಂದು ಕಡೆ ಹುಟ್ಟಿದ್ದು ಬಾಡಿ ಹಿಡಿದು ಓಡಿ ಇನ್ನೆಲ್ಲೋ ಸ್ಪೀಕರಿನ ಹಾಗೆ ಕೇಳಿಸುತ್ತೆ. ಡ್ಯಾಶ್‌ಬೋರ್ಡೇ ಅಂತ ಅಮ್ಮ ಆಣೆ ಮಾಡ್ತಿದ್ರು. ಅಪ್ಪನನ್ನು ಸೀಟಿನಲ್ಲಿ ಕೂರಿಸಿ, 1,500ರಲ್ಲಿ ಹಿಡ್ಕೊಳ್ಳೋಕೆ ಹೇಳಿ, ಫೋನಿನ ರೆಕಾರ್ಡರ್ ಆನ್ ಮಾಡಿದೆ. ಬಾನೆಟ್ ಹತ್ತಿರ ಹತ್ತು ಸೆಕೆಂಡು, ನಡುವೆ ಬಾಗಿಲ ಕೆಳಗೆ ಹತ್ತು, ಡಿಕ್ಕಿ ಹತ್ತಿರ ಹತ್ತು. ಇದನ್ನು ಬಯಲಲ್ಲೇ ಮಾಡಿ, ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆ ಜೀವಕ್ಕೇ ಅಪಾಯ. ಬರೀ ಜಾಕಿನ ಮೇಲೆ ನಿಂತ ಕಾರಿನಡಿಗಂತೂ ತಲೆ ಹಾಕಲೇಬೇಡಿ. ಮೂರು ರೆಕಾರ್ಡಿಂಗ್ ಕೇಳಿ ನೋಡಿದ್ರೆ ನಡುವಿನದೇ ಜೋರು.

ಮೂರನೇ ಗ್ಯಾರೇಜಿನ ಹಿರಿಯರು ನನ್ನ ಮಾತು ಪೂರ್ತಿ ಕೇಳಿಸಿಕೊಂಡ್ರು. ಉದ್ದನೆ ಸ್ಕ್ರೂಡ್ರೈವರ್ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು, "ಇಂಜಿನ್ ಒಳಗೇನಿಲ್ಲ" ಅಂದ್ರು. ಸೈಲೆನ್ಸರ್ ತಣ್ಣಗಾಗೋವರೆಗೂ ಕಾಯಿಸಿ, ರ್‍ಯಾಂಪಿಗೆ ಏರಿಸಿ, ಮುಷ್ಟಿಯಲ್ಲಿ ಪೈಪಿಗೆ ಒಂದು ಗುದ್ದು ಕೊಟ್ರು. ಅದೇ ಸದ್ದು, ಅಷ್ಟೇ ಸ್ಪಷ್ಟ. ಕ್ಯಾಟಲಿಟಿಕ್ ಕನ್ವರ್ಟರ್ ಮೇಲಿನ ಹೀಟ್ ಶೀಲ್ಡ್. ಬೋಲ್ಟಿನ ತೂತು ತುಕ್ಕು ತಿಂದು ಅಗಲವಾಗಿ ತಗಡು ಬಿಡುಬೀಸಾಗಿತ್ತು.

"ಕಿತ್ತು ಬಿಸಾಕಿದ್ರೂ ಗಾಡಿ ಓಡುತ್ತೆ, ಬಹಳ ಜನ ಹಾಗೇ ಮಾಡ್ತಾರೆ" ಅಂತ ಅವರ ಹುಡುಗ ಹೇಳಿದ. ಹಿರಿಯರು ಕಣ್ಣಲ್ಲೇ ಗದರಿದ್ರು. ಆ ಕನ್ವರ್ಟರ್ ಕೆಲಸ ಮಾಡೋದೇ 400ರಿಂದ 800 ಡಿಗ್ರಿ ಬಿಸಿಯಲ್ಲಿ. ಮೇಲೆ ಕಾರಿನ ತಳ, ಅದರ ಮೇಲೆ ಕಾರ್ಪೆಟ್, ಕೆಳಗೆ ಒಣಹುಲ್ಲಿನ ಮೇಲೆ ನಿಲ್ಲಿಸುವ ನಮ್ಮ ಅಭ್ಯಾಸ. ಅವರು ದೊಡ್ಡ ಸೈಜಿನ ಎರಡು ಸ್ಟೀಲ್ ಹೋಸ್ ಕ್ಲಿಪ್ ಸುತ್ತಿ ಬಿಗಿ ಮಾಡಿದ್ರು. ಮುಂದಿನ ಚಕ್ರಗಳನ್ನು ಅಲ್ಲಾಡಿಸಿ, ಬಾಲ್ ಜಾಯಿಂಟಿಗೆ ಸರಳು ಹಾಕಿ ಮೀಟಿ ನೋಡಿದ್ರು. "ತಿರುಗಿಸುವಾಗ, ಬ್ರೇಕ್ ಹಾಕುವಾಗ ಟಕ್ ಅಂದ್ರೆ ಮಾತ್ರ ಒಂದು ದಿನವೂ ತಡ ಮಾಡ್ಬೇಡಿ" ಅಂದ್ರು. ಒಟ್ಟು ಮುನ್ನೂರು ರೂಪಾಯಿ.

ಮನೆಗೆ ಬಂದು ಅಪ್ಪನಿಗೆ ಮೊದಲಿನ ರೆಕಾರ್ಡಿಂಗ್ ಹಾಕಿದೆ. "ಇಂಜಿನ್ ಸದ್ದು ಚೆನ್ನಾಗೇ ಇದೆಯಲ್ಲೋ" ಅಂದ್ರು. ವಾಲ್ಯೂಮ್ ಪೂರ್ತಿ ಏರಿಸಿದೆ. ಇಂಜಿನ್ನಿನ ಗುರ್ ಮಾತ್ರ ಕೇಳ್ತಿತ್ತು ಅವರಿಗೆ, ಝರ್ರ್ ಕೇಳ್ತಾನೇ ಇರಲಿಲ್ಲ. ಅಪ್ಪ ಮೂರು ತಿಂಗಳಿಂದ ವಾದ ಮಾಡ್ತಿರಲಿಲ್ಲ, ಇದ್ದದ್ದನ್ನೇ ಹೇಳ್ತಿದ್ರು. ಅಡುಗೆಮನೆಯಿಂದ ಅಮ್ಮ ಹೊರಗೆ ಬಂದು, "ಇಂಡಿಕೇಟರ್ ಟಿಕ್ ಟಿಕ್ ಅಂತಿದ್ರೂ ಎರಡು ಕಿಲೋಮೀಟರ್ ಹಾಗೇ ಹೋಗ್ತಾರೆ, ಬೇಕಂತಲೇ ಮಾಡ್ತಾರೆ ಅಂದ್ಕೊಂಡಿದ್ದೆ" ಅಂದ್ರು. ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ವಿ.

ವಯಸ್ಸಾದಂತೆ ಕಿವಿ ಮೊದಲು ಕಳ್ಕೊಳ್ಳೋದು ತೀಕ್ಷ್ಣವಾದ, ಎತ್ತರದ ಸದ್ದುಗಳನ್ನೇ. ಮಾತು ಕೇಳುತ್ತೆ, ಆದರೆ ಸ, ಶ, ತ ಥರದ ಅಕ್ಷರಗಳು ಜಾರಿಹೋಗ್ತವೆ. ಅದಕ್ಕೇ ಫೋನಿನಲ್ಲಿ ಅವರು ಬೇಗ ಅಮ್ಮನ ಕೈಗೆ ಕೊಟ್ಬಿಡ್ತಿದ್ರು.

ಶನಿವಾರ ಆಡಿಯೋಮೆಟ್ರಿ ಆಯ್ತು. ಎಡಗಡೆ ಸಮತಟ್ಟಾಗಿದ್ದ ಗೆರೆ 2,000 ಹರ್ಟ್ಜ್ ದಾಟಿದ ಮೇಲೆ ಬಲಕ್ಕೆ ಜರ್ರನೆ ಇಳಿದಿತ್ತು. ಅಪ್ಪ ಕನ್ನಡಕ ಸರಿ ಮಾಡ್ಕೊಂಡು ಬಹಳ ಹೊತ್ತು ಅದನ್ನೇ ನೋಡಿ, "ಸಕಲೇಶಪುರ ದಾಟಿದ ಹಾಗಿದೆ" ಅಂದ್ರು. ಮುಂದಿನ ವಾರ ಮಷೀನ್ ಟ್ರಯಲ್. ಅದನ್ನು ಹಾಕ್ಕೊಂಡ್ರೆ ಮಾತ್ರ ಧರ್ಮಸ್ಥಳಕ್ಕೆ ಕಾರಿನಲ್ಲಿ ಬರ್ತೀನಿ ಅಂತ ಅಮ್ಮ ಹೇಳಿದ್ದಾರೆ. ಅಪ್ಪ ಇನ್ನೂ ಹೂಂ ಅಂದಿಲ್ಲ.