ಹೊಳೆಗೆ ಎಸೆದ ಕಾಸು

ಮೈಸೂರಿನ ರೈಲು ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಂತೆಂದರೆ ಕಿಟಕಿ ಪಕ್ಕ ಕೂತವರು ಗಡಿಬಿಡಿಯಿಂದ ಚಿಲ್ಲರೆ ಹುಡುಕುವುದನ್ನು ನೀವು ನೋಡಿರಬಹುದು. ಒಂದು ರೂಪಾಯಿಯೋ ಎರಡು ರೂಪಾಯಿಯೋ ಕಾವೇರಿಗೆ ಬೀಳುತ್ತದೆ, ಎರಡು ಕೈ ಜೋಡುತ್ತವೆ. ನಮ್ಮ ತಾಯಿಯೂ ಹಾಕುತ್ತಿದ್ದರು. ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಚಿಲ್ಲರೆ ಎಣಿಸಿ ಚೀಲ ಕಟ್ಟಿದ ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಅಮ್ಮನ ಎದುರು ಬಾಯಿ ಬಿಟ್ಟು ಹೇಳುವ ಧೈರ್ಯ ಎಂದೂ ಬರಲಿಲ್ಲ ಅನ್ನಿ.

ಈ ವಾರ ಹೇಳಹೊರಟಿರುವ ಹೆಣ್ಣುಮಗಳೂ ಒಂದು ನಾಣ್ಯ ಹೊಳೆಗೆ ಎಸೆದವಳೇ. ಹೊಳೆ ಯೂಕಾನ್, ಕೆನಡಾ ದೇಶದ ಉತ್ತರದ ಹಿಮಸೀಮೆಯಲ್ಲಿ ಹರಿಯುವುದು. ವರ್ಷ 1897. ಅವಳ ಹೆಸರು ಬೆಲಿಂಡಾ ಮಲ್ರೂನಿ, ವಯಸ್ಸು 25. ಡಾಸನ್ ಎಂಬ ಊರಿನ ದಂಡೆಗೆ ಬಂದು ಇಳಿದಾಗ ಕೈಯಲ್ಲಿ ಉಳಿದಿದ್ದ ಕೊನೆಯ ನಾಣ್ಯವನ್ನು ಆಕೆ ನೀರಿಗೆ ಬಿಸಾಡಿದಳು. ಕಾಲು ಡಾಲರ್ ಎಂದು ಕೆಲವರು, ಅರ್ಧ ಡಾಲರ್ ಎಂದು ಕೆಲವರು ಬರೆದಿದ್ದಾರೆ. ಭಕ್ತಿಯಿಂದ ಎಸೆದದ್ದಲ್ಲ. ಇಷ್ಟು ಸಣ್ಣ ಚಿಲ್ಲರೆ ಇನ್ನು ಮುಂದೆ ನನಗೆ ಬೇಕಾಗುವುದಿಲ್ಲ ಎಂಬ ಜಂಬದಿಂದ!

ಆ ಜಂಬ ಎಲ್ಲಿಂದ ಬಂತು ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೆಲಿಂಡಾ ಹುಟ್ಟಿದ್ದು 1872ರಲ್ಲಿ, ಐರ್ಲೆಂಡಿನ ಸ್ಲೈಗೊ ಸೀಮೆಯ ಒಂದು ಹಳ್ಳಿಯಲ್ಲಿ. ತಂದೆ ತಾಯಿ ಅವಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಹೊಟ್ಟೆಪಾಡಿಗೆ ಅಮೆರಿಕಕ್ಕೆ ಹೋದರು. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಯ ಊರಿನಲ್ಲಿದ್ದ ಅಪ್ಪ ಅಮ್ಮನನ್ನು ಅವಳು ಸೇರಿಕೊಂಡದ್ದು 13ನೇ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಹೆತ್ತವರ ಮುಖವೇ ಹೊಸದು, ಅಲ್ಲಿ ಹುಟ್ಟಿದ ತಮ್ಮ ತಂಗಿಯರೂ ಹೊಸಬರು. ಆ ಮನೆಯಲ್ಲಿ ಅವಳು ಹೆಚ್ಚು ವರ್ಷ ನಿಲ್ಲಲಿಲ್ಲ. ಪರರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಸಂಬಳದಲ್ಲಿ ಉಳಿಸಿದಳು.

1893ರಲ್ಲಿ ಷಿಕಾಗೋದಲ್ಲಿ ದೊಡ್ಡ ಜಾಗತಿಕ ಮೇಳ ನಡೆಯಿತು. ನಮ್ಮ ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ಅದೇ ಮೇಳದ ಅಂಗವಾಗಿ ಸೇರಿದ್ದು. ಬೆಲಿಂಡಾ ಅಲ್ಲಿ ಸ್ಯಾಂಡ್‌ವಿಚ್ ಅಂಗಡಿ ಇಟ್ಟು ಚೆನ್ನಾಗಿ ಸಂಪಾದಿಸಿದಳು. ಆ ದುಡ್ಡು ಹಿಡಿದುಕೊಂಡು ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದಳು. ಅಲ್ಲಿ ಮಾಡಿದ್ದು ಬೆಂಕಿಗೆ ಹೋಯಿತು. ಮತ್ತೆ ಮೊದಲಿನಿಂದ. ಸಿಟಿ ಆಫ್ ಟೊಪೀಕಾ ಎಂಬ ಹಡಗಿನಲ್ಲಿ ಪ್ರಯಾಣಿಕರ ಊಟ ತಿಂಡಿ ನೋಡಿಕೊಳ್ಳುವ ಕೆಲಸ ಹಿಡಿದು ಅಲಾಸ್ಕಾ ದಾರಿಯಲ್ಲಿ ಓಡಾಡಿದಳು. ಹಡಗು ನಿಂತ ಊರುಗಳಲ್ಲಿ ಬಟ್ಟೆಬರೆ ಮಾರಿ ಪಕ್ಕದ ವ್ಯಾಪಾರವನ್ನೂ ಮಾಡಿದಳು.

ಅಷ್ಟರಲ್ಲಿ, 1896ರ ಆಗಸ್ಟ್‌ನಲ್ಲಿ, ಯೂಕಾನ್ ಹೊಳೆಗೆ ಸೇರುವ ಕ್ಲಾಂಡೈಕ್ ನದಿಯ ಬಳಿಯ ಒಂದು ತೊರೆಯಲ್ಲಿ ಚಿನ್ನ ಸಿಕ್ಕಿತು. ನಮ್ಮ ಕೋಲಾರದ ಚಿನ್ನ ಭೂಮಿಯ ಆಳದ ಕಲ್ಲಿನೊಳಗೆ ಇದ್ದದ್ದು. ತೆಗೆಯಲು ಕಂಪನಿ, ಯಂತ್ರ, ಸುರಂಗ ಎಲ್ಲ ಬೇಕಾಯಿತು. ಅಲ್ಲಿಯದು ತೊರೆಯ ಜಲ್ಲಿ ಮರಳಿನಲ್ಲಿ ಬೆರೆತ ಪುಡಿ ಚಿನ್ನ. ಗುದ್ದಲಿ, ಬಾಣಲೆ ಇದ್ದ ಯಾರು ಬೇಕಾದರೂ ತೆಗೆಯಬಹುದು. ಸುದ್ದಿ ಹೊರಜಗತ್ತಿಗೆ ಮುಟ್ಟಿ, ಲಕ್ಷ ಜನ ಮನೆಮಠ ಬಿಟ್ಟು ಹೊರಟದ್ದು ಮರುವರ್ಷದ ಜುಲೈನಿಂದೀಚೆಗೆ. ಅಲಾಸ್ಕಾದಲ್ಲೇ ಇದ್ದ ಬೆಲಿಂಡಾಗೆ ಮೊದಲೇ ಗೊತ್ತಾಗಿತ್ತು. ಆ ನೂಕುನುಗ್ಗಲಿಗೆ ಮುಂಚೆಯೇ, 1897ರ ವಸಂತದಲ್ಲಿ, ಆಕೆ ಚಿಲ್ಕೂಟ್ ಎಂಬ ಹಿಮದ ಕಡಿದಾದ ಘಟ್ಟ ಹತ್ತಿ ಇಳಿದು, ದೋಣಿಯಲ್ಲಿ ಐನೂರು ಮೈಲಿಗೂ ಹೆಚ್ಚು ಹೊಳೆ ದಾರಿ ಸಾಗಿ ಡಾಸನ್ ಸೇರಿದಳು.

ಎಲ್ಲರೂ ಹೊತ್ತುಕೊಂಡು ಹೋಗುತ್ತಿದ್ದದ್ದು ಹಿಟ್ಟು, ಹಂದಿ ಮಾಂಸ, ಗುದ್ದಲಿ. ಇವಳ ಗಂಟಿನಲ್ಲಿದ್ದದ್ದು ಏನು ಗೊತ್ತೆ ಮಕ್ಕಳೇ? ರೇಷ್ಮೆಯ ಒಳಉಡುಪು, ಹತ್ತಿ ಬಟ್ಟೆಯ ಥಾನುಗಳು, ಹಾಸಿಗೆಯಲ್ಲಿ ಕಾಲು ಬೆಚ್ಚಗಿಡುವ ಬಿಸಿನೀರಿನ ರಬ್ಬರ್ ಚೀಲಗಳು! ಚಳಿಗಾಲದಲ್ಲಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಕ್ಕೆ ಇಳಿಯುವ ಊರಿಗೆ ಹೋಗುವವರಲ್ಲಿ ಗುದ್ದಲಿಯ ಯೋಚನೆ ಎಲ್ಲರಿಗೂ ಬಂದಿತ್ತು, ಕಾಲಿನ ಯೋಚನೆ ಇವಳಿಗೆ ಬಂತು. 5,000 ಡಾಲರಿನ ಸರಕಿಗೆ 30,000 ಬಂತು ಎನ್ನುತ್ತಾರೆ. ಆ ದುಡ್ಡಿನಲ್ಲಿ ಒಂದು ಊಟದ ಮನೆ ತೆರೆದಳು, ಮರದ ಮನೆಗಳನ್ನು ಕಟ್ಟಿಸಿ ಮಾರಿದಳು.

ಆಮೇಲೆ ಆಕೆ ಮಾಡಿದ ಕೆಲಸ ಕಂಡು ಊರವರು ನಕ್ಕರು. ಊರು ಬೆಳೆಯುತ್ತಿದ್ದದ್ದು ಡಾಸನ್‌ನಲ್ಲಿ. ಇವಳು ಅಲ್ಲಿಂದ ಎಷ್ಟೋ ಮೈಲಿ ಆಚೆ, ಬೊನಾಂಜಾ ಮತ್ತು ಎಲ್ಡೊರಾಡೊ ಎಂಬ ಎರಡು ತೊರೆಗಳು ಕೂಡುವ ಬಯಲಿನಲ್ಲಿ ಹೋಟೆಲ್ ಕಟ್ಟಲು ಹೊರಟಳು. ಗೆರ್ರಿ ಎಂಬ ಒಂದು ಮುದಿ ಹೇಸರಗತ್ತೆಯಿಂದ ದಿಮ್ಮಿ ಎಳೆಸಿ ಎರಡು ಅಂತಸ್ತಿನ ಕಟ್ಟಡ ನಿಲ್ಲಿಸಿದಳು. ಹೆಸರು ಗ್ರ್ಯಾಂಡ್ ಫೋರ್ಕ್ಸ್ ಹೋಟೆಲ್. ಕೆಳಗೆ ಊಟ, ಪಾನೀಯ. ಮೇಲೆ ಮಲಗಲು ಮರದ ಅಟ್ಟಣಿಗೆಗಳು. ಹೊರಗೆ ಜಾರುಬಂಡಿಯ ನಾಯಿಗಳಿಗೂ ಗೂಡು. ಬೆಲಿಂಡಾಳ ಲೆಕ್ಕ ಸರಳವಾಗಿತ್ತು. ಚಿನ್ನ ತೆಗೆಯುವವರು ಇರುವುದು ತೊರೆಯ ಬಳಿ. ದಿನವಿಡೀ ಅಗೆದು ಸೋತವನು ಬಿಸಿ ಊಟಕ್ಕೆ ಡಾಸನ್‌ವರೆಗೆ ಯಾಕೆ ನಡೆಯಬೇಕು? ನಕ್ಕವರೆಲ್ಲ ಕೆಲವೇ ತಿಂಗಳಲ್ಲಿ ಅಲ್ಲಿಗೇ ಬಂದು ಉಂಡರು. ಹೋಟೆಲಿನ ಸುತ್ತ ಗ್ರ್ಯಾಂಡ್ ಫೋರ್ಕ್ಸ್ ಎಂಬ ಊರೇ ಎದ್ದಿತು.

ಉಣ್ಣುವವರು ಕೊಡುತ್ತಿದ್ದದ್ದು ನೋಟಲ್ಲ, ಚಿನ್ನದ ಪುಡಿ. ಔನ್ಸಿಗೆ 16 ಡಾಲರ್ ಎಂಬ ಲೆಕ್ಕ ಅಲ್ಲಿ ನಡೆಯುತ್ತಿತ್ತು. ಚಿನ್ನದ ಔನ್ಸ್ ಎಂದರೆ ನಮ್ಮ ಹಳೆಯ ತೊಲದಲ್ಲಿ ಎರಡೂವರೆಗೂ ಸ್ವಲ್ಪ ಹೆಚ್ಚು. ಪ್ರತಿ ಅಂಗಡಿಯಲ್ಲೂ ಪುಟ್ಟ ತಕ್ಕಡಿ. ನಮ್ಮ ಶಾಖೆಯಲ್ಲಿ ಒಡವೆ ಸಾಲ ಕೊಡುವಾಗ ಪರೀಕ್ಷೆ ಮಾಡುವ ಅಕ್ಕಸಾಲಿ ಆಚಾರ್ರು ತಕ್ಕಡಿ ಎತ್ತಿದರೆ ಫ್ಯಾನ್ ಆರಿಸಬೇಕಿತ್ತು. ಅಂಥದ್ದರಲ್ಲಿ ಗಿಜಿಗುಟ್ಟುವ ಹೋಟೆಲಿನಲ್ಲಿ ಪುಡಿ ಚಿನ್ನ ತೂಗುವುದನ್ನು ನೆನೆದರೆ ನನಗೆ ಇಲ್ಲೇ ಬೆವರು ಬರುತ್ತದೆ. ಗಣಿಯವರು ತಮ್ಮ ಚಿನ್ನದ ಚೀಲಗಳನ್ನೂ ಬೆಲಿಂಡಾಳ ಬಳಿಯೇ ಇಟ್ಟು ಹೋಗುತ್ತಿದ್ದರು. ಊಟಕ್ಕೆ ಕೂತವರ ಮಾತಿಗೆ ಕಿವಿ ಕೊಟ್ಟು, ಯಾವ ಜಾಗದಲ್ಲಿ ಎಷ್ಟು ಸಿಗುತ್ತಿದೆ ಎಂದು ತಿಳಿದು, ತಾನೂ ಕೆಲವು ಗಣಿಗಳಲ್ಲಿ ಪಾಲು ಕೊಂಡಳು.

ರಬ್ಬರ್ ಬೂಟಿನ ಕತೆಯನ್ನು ಬಿಡುವ ಹಾಗೇ ಇಲ್ಲ. ಆ ವರ್ಷ ಚಳಿಗಾಲಕ್ಕೆ ಮುನ್ನ ಸರಕಿನ ದೋಣಿಗಳು ಡಾಸನ್‌ಗೆ ಸರಿಯಾಗಿ ಬರಲಿಲ್ಲ, ಆಹಾರಕ್ಕೆ ಹಾಹಾಕಾರ. ಒಡೆದ ಒಂದು ದೋಣಿಯ ಸರಕನ್ನು ಬೆಲಿಂಡಾ ಮತ್ತು ಅಲೆಕ್ಸ್ ಮೆಕ್‌ಡೊನಾಲ್ಡ್ ಎಂಬ ಭಾರಿ ಶ್ರೀಮಂತ ಪಾಲಿನಲ್ಲಿ ಕೊಂಡರು. ಅವನು ಮೊದಲೇ ಹೋಗಿ ತಿನ್ನುವ ಪದಾರ್ಥವನ್ನೆಲ್ಲ ಸಾಗಿಸಿಕೊಂಡ. ಇವಳ ಪಾಲಿಗೆ ಬಿಟ್ಟದ್ದು ವಿಸ್ಕಿ ಪೆಟ್ಟಿಗೆಗಳು, ಒಂದಷ್ಟು ರಬ್ಬರ್ ಬೂಟು. ಇವಳು ಸುಮ್ಮನಿದ್ದಳು. ಅಲ್ಲಿ ನೆಲ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಚಳಿಗಾಲವಿಡೀ ಬೆಂಕಿ ಹಾಕಿ ಕರಗಿಸಿ, ಅಗೆದ ಮಣ್ಣನ್ನು ಗುಡ್ಡೆ ಹಾಕಿಟ್ಟು, ವಸಂತದಲ್ಲಿ ಹಿಮ ಕರಗಿ ನೀರು ಬಂದಾಗ ತೊಳೆದು ಚಿನ್ನ ಬೇರ್ಪಡಿಸಬೇಕು. ಆಗ ಕೂಲಿಯವರು ದಿನವಿಡೀ ಕೊರೆಯುವ ನೀರಿನಲ್ಲಿ ನಿಲ್ಲಬೇಕು. ಬೂಟಿಲ್ಲದೆ ಆಗುತ್ತದೆಯೆ? ಮೆಕ್‌ಡೊನಾಲ್ಡ್ ಬಂದು ಕೇಳಿದ. ಬೆಲಿಂಡಾ ಜೋಡಿಗೆ 100 ಡಾಲರ್ ಎಂದಳು. ಅವನು ಕೊಟ್ಟ.

1898ರ ಜುಲೈ 27ರಂದು ಡಾಸನ್ ಊರಿನಲ್ಲೇ ಅವಳ ಫೇರ್‌ವ್ಯೂ ಹೋಟೆಲ್ ತೆರೆಯಿತು. ಮೂರು ಅಂತಸ್ತು, ಇಪ್ಪತ್ತಕ್ಕೂ ಹೆಚ್ಚು ಕೋಣೆ, ಹಬೆಯ ಕೊಳವೆಗಳಿಂದ ಬಿಸಿ, ಹೊಳೆಯಲ್ಲಿ ನಿಂತ ಹಡಗಿನಿಂದ ವಿದ್ಯುತ್ ದೀಪ, ಬೆಳ್ಳಿಯ ಚಮಚ, ಪಿಂಗಾಣಿ ತಟ್ಟೆ, ಗಾಜಿನ ತೂಗುದೀಪ. ಹೆಂಗಸರು ಮದ್ಯದ ಕೋಣೆ ಹಾಯದೆ ಒಳಗೆ ಬರಲಿ ಎಂದು ಪಕ್ಕದಲ್ಲಿ ಬೇರೆ ಬಾಗಿಲು. ಒಂದೇ ಕೊರತೆ: ಒಳಗೋಡೆಗಳು ಬರೀ ಕ್ಯಾನ್ವಾಸ್ ಬಟ್ಟೆಗೆ ಬಣ್ಣದ ಕಾಗದ ಅಂಟಿಸಿದಂಥವು. ಪಕ್ಕದ ಕೋಣೆಯ ಪಿಸುಮಾತೂ ಕೇಳುತ್ತಿತ್ತಂತೆ.

ಆ ಬೆಳ್ಳಿ ಗಾಜು ಬಂದ ಬಗೆಯನ್ನೂ ಹೇಳಬೇಕು. ಸಾಮಾನನ್ನು ಅಲಾಸ್ಕಾದ ಸ್ಕಾಗ್ವೇ ಬಂದರಿನಿಂದ ಘಟ್ಟ ದಾಟಿಸಲು ಜೋ ಬ್ರೂಕ್ಸ್ ಎಂಬ ಹೇಸರಗತ್ತೆಗಳ ಯಜಮಾನನಿಗೆ ಬಾಡಿಗೆ ಕೊಟ್ಟಿದ್ದಳು. ದಾರಿಯಲ್ಲಿ ಬೇರೆ ಯಾರೋ ವಿಸ್ಕಿ ಸಾಗಿಸಲು ಹೆಚ್ಚು ಬಾಡಿಗೆ ಕೊಡುತ್ತೇನೆಂದರು. ಅವನು ಇವಳ ಸಾಮಾನನ್ನು ಅಲ್ಲೇ ಕೆಡವಿ ಹೋದ. ಬೆಲಿಂಡಾ ಆಳುಗಳನ್ನು ಕಟ್ಟಿಕೊಂಡು ಅಟ್ಟಿಸಿಕೊಂಡು ಹೋದಳು. ವಿಸ್ಕಿ ಇಳಿಸಿ ತನ್ನ ಸಾಮಾನು ಹೇರಿಸಿದಳು. ಬ್ರೂಕ್ಸನ ಸ್ವಂತ ಕುದುರೆಯನ್ನೇ ಹತ್ತಿ ಘಟ್ಟದಾಚೆಯ ಬೆನೆಟ್ ಸರೋವರ ಮುಟ್ಟಿದಳು. ಅವಳ ಬಳಿ ನೀರೋ ಎಂಬ ಕರುವಿನಷ್ಟು ದೊಡ್ಡ ಸೇಂಟ್ ಬರ್ನಾರ್ಡ್ ನಾಯಿಯೂ ಇತ್ತು. ಈ ಕತೆ ಹೇಳಿದಾಗ ನನ್ನ ಮೊಮ್ಮಗ ಉಳಿದದ್ದನ್ನೆಲ್ಲ ಬಿಟ್ಟು ಆ ನಾಯಿಯ ಬಗ್ಗೆಯೇ ಮೂರು ಸಲ ಕೇಳಿದ.

ಇಂಥ ಹೆಣ್ಣುಮಗಳು 1900ರ ಅಕ್ಟೋಬರ್ 1ರಂದು ಷಾರ್ಲ್ ಕಾರ್ಬೊನೊ ಎಂಬುವನನ್ನು ಮದುವೆಯಾದಳು. ಶಾಂಪೇನ್ ಮಾರಲು ಬಂದಿದ್ದವನು. ಫ್ರಾನ್ಸಿನ ಕೌಂಟ್ ಪದವಿಯವನು ಎಂದು ಹೇಳಿಕೊಳ್ಳುತ್ತಿದ್ದ. ಮಾಂಟ್ರಿಯಲ್‌ನಲ್ಲಿ ಕ್ಷೌರಿಕನಾಗಿದ್ದವನು ಎಂದು ಊರಿನ ಗುಸುಗುಸು. ಕ್ಷೌರಿಕನಾಗಿದ್ದರೆ ತಪ್ಪೇನಿಲ್ಲ, ಅದು ಮರ್ಯಾದೆಯ ಕಸುಬು. ತಪ್ಪಿದ್ದದ್ದು ಬೇರೆ ಕಡೆ. ಪ್ಯಾರಿಸ್ಸಿನ ವೈಭವ, ಗಂಡನ ವ್ಯವಹಾರಗಳು, ಇವುಗಳಲ್ಲಿ ಬೆಲಿಂಡಾ ದುಡಿದದ್ದು ಕರಗುತ್ತಾ ಹೋಯಿತು. 1906ರಲ್ಲಿ ವಿಚ್ಛೇದನವಾಯಿತು.

ಇಲ್ಲಿಗೆ ಬಂದಾಗಲೆಲ್ಲ ನಾನು ಸ್ವಲ್ಪ ನಿಲ್ಲುತ್ತೇನೆ. ಜೋ ಬ್ರೂಕ್ಸ್ ಮೋಸ ಮಾಡಿದರೆ ಅಟ್ಟಿಸಿಕೊಂಡು ಹೋದವಳು, ಮೆಕ್‌ಡೊನಾಲ್ಡ್‌ನಿಂದ ಬೂಟಿಗೆ ನೂರು ಡಾಲರ್ ಕೀಳಿದವಳು, ಗಂಡನ ಲೆಕ್ಕದ ಪುಸ್ತಕ ಯಾಕೆ ನೋಡಲಿಲ್ಲ? ಕೇಳುವುದು ಸುಲಭ. ನನ್ನ ಕೌಂಟರಿಗೂ ಹೆಂಗಸರು ಬರುತ್ತಿದ್ದರು, ಮನೆಯವರ ಜೊತೆಗೆ. ಮನೆಯ ಖರ್ಚಿನಲ್ಲಿ ಪೈಸೆ ಪೈಸೆಗೂ ಲೆಕ್ಕ ಇಡುವವರು, ತರಕಾರಿಯವನ ಹತ್ತಿರ ನಾಲ್ಕಾಣೆಗೂ ಬಿಡದವರು. ಫಾರಂ ಮುಂದಿಟ್ಟರೆ ಓದದೆ, "ಎಲ್ಲಿ ಸಹಿ ಹಾಕ್ಬೇಕು ಸಾರ್?" ಎಂದಷ್ಟೇ ಕೇಳುತ್ತಿದ್ದರು. ಪಕ್ಕದಲ್ಲಿ ನಿಂತ ಯಜಮಾನರು ಬೆರಳು ತೋರಿಸುತ್ತಿದ್ದರು. ನಾನೂ ಸೀಲು ಒತ್ತಿ ಮುಂದಿನವರನ್ನು ಕರೆಯುತ್ತಿದ್ದೆ. ಓದಿ ನೋಡಿ ಅಮ್ಮಾ ಎಂದು ಒಂದು ಮಾತು ಹೇಳಬಹುದಿತ್ತು. ಕ್ಯೂ ಉದ್ದ ಇರುತ್ತಿತ್ತು, ಹೇಳಲಿಲ್ಲ.

ಬೆಲಿಂಡಾ ಅಳುತ್ತಾ ಕೂರಲಿಲ್ಲ. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಬಳಿ ಹೊಸ ಚಿನ್ನ ಸಿಕ್ಕಿದೆ ಎಂದು ತಿಳಿದು ಅಲ್ಲಿಗೆ ಹೋದಳು. ಅಲ್ಲಿನ ಡೋಮ್ ಸಿಟಿ ಎಂಬ ಗಣಿ ಊರಿನಲ್ಲಿ ತಂಗಿ ಮಾರ್ಗರೆಟ್ ಜೊತೆ ಸೇರಿ ಬ್ಯಾಂಕನ್ನೇ ತೆರೆದಳು. ಹೋಟೆಲಿನವಳ ಹತ್ತಿರ ಚಿನ್ನದ ಚೀಲ ಇಟ್ಟುಹೋಗುತ್ತಿದ್ದವರು ಬ್ಯಾಂಕಿನವಳ ಹತ್ತಿರ ಇಡುವುದಿಲ್ಲವೆ! ಸಂಪಾದಿಸಿ, ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ತೋಟ ಕೊಂಡು, ಕಲ್ಲಿನ ದೊಡ್ಡ ಮನೆ ಕಟ್ಟಿಸಿದಳು. ಜನ ಅದನ್ನು ಕೋಟೆ ಎಂದೇ ಕರೆದರು. ಆ ಕೋಟೆಗೆ ಯಾರನ್ನು ಕರೆತಂದಳು ಗೊತ್ತೆ? ತನ್ನನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಹೋಗಿದ್ದ ಅಪ್ಪ ಅಮ್ಮನನ್ನು, ತಮ್ಮ ತಂಗಿಯರನ್ನು.

ಆ ಹಣವೂ ಕೊನೆಯವರೆಗೆ ನಿಲ್ಲಲಿಲ್ಲ. ಮನೆಯನ್ನು ಬಾಡಿಗೆಗೆ ಕೊಟ್ಟು ಸಿಯಾಟಲ್ ಸೇರಿದಳು. ಪರರ ಮನೆಗೆಲಸ, ಹೊಲಿಗೆ ಮಾಡಿದಳು. ಎರಡನೇ ಮಹಾಯುದ್ಧ ಬಂದಾಗ ಹಡಗುಕಟ್ಟೆಯಲ್ಲಿ ಕೂಲಿಗೆ ಸೇರಿದಳು. ಆಗ ವಯಸ್ಸು ಎಪ್ಪತ್ತರ ಹತ್ತಿರ, ಹೆಚ್ಚು ಕಡಿಮೆ ಈಗ ನನಗಿರುವಷ್ಟು. ನನಗೆ ಗ್ಯಾಸ್ ಸಿಲಿಂಡರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಲು ಪಕ್ಕದ ಮನೆ ಹುಡುಗ ಬೇಕು.

ಗ್ರ್ಯಾಂಡ್ ಫೋರ್ಕ್ಸ್ ಊರು ಈಗ ಇಲ್ಲ. ಚಿನ್ನಕ್ಕಾಗಿ ದೊಡ್ಡ ಯಂತ್ರಗಳು ಬಂದು ಆ ಬಯಲನ್ನೇ ಬಗೆದು ಹಾಕಿದವು. ಬೆಲಿಂಡಾ ಸಿಯಾಟಲ್‌ನಲ್ಲಿ 1967ರಲ್ಲಿ ತೀರಿಕೊಂಡಳು, 95ನೇ ವಯಸ್ಸಿನಲ್ಲಿ. ಹೊಳೆಗೆ ನಾಣ್ಯ ಎಸೆದು 70 ವರ್ಷವಾಗಿತ್ತು.