ಕಡಲಿಲ್ಲದ ಊರಿಗೆ ಹಡಗಿನ ಜನ

ಗುಂಡ್ಲುಪೇಟೆಗೆ ಸಮುದ್ರವಿಲ್ಲ. ಆದರೂ ವರ್ಷಕ್ಕೊಮ್ಮೆ ನಮ್ಮೂರಿಗೂ ಹಡಗು ಬರುತ್ತದೆ! ನಗಬೇಡಿ ಸ್ವಾಮಿ. ಮಂಗಳೂರಿನ ಪಣಂಬೂರು ಬಂದರಿಗೆ ವಿದೇಶಿ ಪ್ರವಾಸಿಗಳ ಹಡಗು ಬರುವ ಸುದ್ದಿ ಓದಿದ್ದೀರಷ್ಟೆ? ಬೆಳಿಗ್ಗೆ ಇಳಿದ ನೂರಾರು ಮಂದಿ ಕುದ್ರೋಳಿ ದೇವಸ್ಥಾನ, ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆಲ್ಲ ಹಡಗು ಹತ್ತಿಬಿಡುತ್ತಾರೆ. ಊಟವೂ ಹಡಗಲ್ಲೇ, ನಿದ್ದೆಯೂ ಹಡಗಲ್ಲೇ.

ನಮ್ಮಲ್ಲಿ ಬರುವುದು ಕಾರುಗಳ ಹಡಗು. ಮುಂಗಾರಿನಲ್ಲಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಅರಳಿದವೋ, ಓಣಂ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಕೇರಳದವರ ದಂಡು. ಜೊತೆಗೆ ಊಟಿಗೆ ಹೊರಟ ಬೆಂಗಳೂರಿನವರು. ಹೊಲಕ್ಕೆ ಇಳಿದ್ರು, ಪಟ ಹೊಡೆದ್ರು, ಹೋದ್ರು. ಕಾಡಿನಾಚೆಯವರಿಗೆ ಹಡಗಿನ ಹಾಗೇ ಹೊರಡುವ ಗಂಟೆಯೂ ಉಂಟು. 2009ರಿಂದ ರಾತ್ರಿ 9ಕ್ಕೆ ಬಂಡೀಪುರದ ಗೇಟು ಬಿದ್ದರೆ, ತುರ್ತು ವಾಹನ ಮತ್ತು ಕೆಲವೇ ಬಸ್ಸು ಬಿಟ್ಟು ಬೆಳಿಗ್ಗೆ 6ರವರೆಗೆ ಯಾರಿಗೂ ದಾರಿಯಿಲ್ಲ. (ಅದು ಹಾಗೇ ಇರಲಿ. ಕಾಡುಪ್ರಾಣಿಗಳಿಗೂ ರಾತ್ರಿ ಬೇಕು.)

ಇಷ್ಟು ಜನ ಬಂದು ನಮಗೆ ಸಿಕ್ಕಿದ್ದೇನು? ಹೆದ್ದಾರಿ ಬದಿಯ ಎಳನೀರಿನವನಿಗೆ ನಾಲ್ಕು ಕಾಸು. ಕೆಲವು ರೈತರು ಹೊಲಕ್ಕೆ ಇಳಿಯುವವರಿಂದ ದುಡ್ಡು ಕೇಳುತ್ತಾರೆ. ಅದಕ್ಕೂ ಮೂಗು ಮುರಿಯುವವರಿದ್ದಾರೆ! ಇಲ್ಲಿನ ಚೆಂಡುಹೂ ಬರೀ ಹಾರಕ್ಕೆ ಬೆಳೆದದ್ದಲ್ಲ. ಬಣ್ಣ ತೆಗೆಯುವ ಕಾರ್ಖಾನೆಗೆ ತೂಕದ ಲೆಕ್ಕದಲ್ಲಿ ಹೋಗುವ ಮಾಲು. ತುಳಿದ ಗಿಡದ ತೂಕ ಕಟ್ಟಿಕೊಡುವವರು ಯಾರು? ಕೇಳಲಿ ಬಿಡಿ.

ಪಾಪ, ಪೇಟೆ ಬೀದಿಯ ಅಂಗಡಿಯವರಿಗೆ ಬಂದದ್ದು ಹಾರನ್ನು ಮತ್ತು ಧೂಳು. ಬಸ್ಸಿನವರ ಪಾಡಂತೂ ಕೇಳಲೇಬೇಡಿ. ರಸ್ತೆಯ ಎರಡೂ ಬದಿ ಕಾರು ನಿಲ್ಲಿಸಿ ಹೂವಿನ ಮಧ್ಯೆ ನಗುತ್ತಾ ನಿಂತವರಿಗೆ, ಹಿಂದೆ ಹಂಗಳದ ಬಸ್ಸಿನಲ್ಲಿ ಜೋತುಬಿದ್ದಿರುವ ಶಾಲೆ ಮಕ್ಕಳು ಕಾಣುವುದಿಲ್ಲ.

ಬರಬೇಡಿ ಅನ್ನೋದು ನಮ್ಮ ಮಾತಲ್ಲ. ಬಂದವರನ್ನು ನಿಲ್ಲಿಸುವ ಜಾಗ ತೋರಿಸಿ ಅನ್ನೋದು ಮಾತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ಗಾಡಿಗಳನ್ನು ಬುಡದಲ್ಲೇ ತಡೆದು, ಸರ್ಕಾರಿ ಬಸ್ಸಿನಲ್ಲಿ ಜನರನ್ನು ಮೇಲೆ ಕಳಿಸುತ್ತಿಲ್ಲವೇ? ಬೆಟ್ಟಕ್ಕೆ ಆದದ್ದು ಹೊಲಕ್ಕೆ ಯಾಕಾಗದು? ಹೂವಿನ ಕಾಲದಲ್ಲಿ ಪೇಟೆಗೆ ಹತ್ತಿರ ಒಂದು ಮೈದಾನ ಗೊತ್ತುಮಾಡಿ ಕಾರುಗಳನ್ನು ಅಲ್ಲಿ ನಿಲ್ಲಿಸಲಿ, ಅಲ್ಲಿಂದ ಬಸ್ಸು ಬಿಡಲಿ. ಬಸ್ಸಿಗೆ ಕಾಯುವವನು ಒಂದು ಟೀ ಕುಡಿದಾನು, ಒಂದು ಚಿಪ್ಪು ಬಾಳೆಹಣ್ಣು ಕೊಂಡಾನು, ಊರಿನ ಅರಿಸಿನ ಕಟ್ಟಿಸಿಕೊಂಡಾನು. ಹೊಲಕ್ಕೆ ಇಳಿಸುವ ರೈತನಿಗೂ ಒಂದು ದರ ನಿಗದಿಯಾಗಲಿ, ಜಗಳ ತಪ್ಪಲಿ.

ಹಡಗು ಬರುವ ದಿನ ಮಂಗಳೂರಿನವರಿಗೆ ಮೊದಲೇ ಗೊತ್ತು. ಟ್ಯಾಕ್ಸಿ, ಬಸ್ಸುಗಳು ಬಂದರಿನಲ್ಲಿ ಸಾಲುಗಟ್ಟಿರುತ್ತವೆ. ಓಣಂ ಯಾವತ್ತು ಅನ್ನೋದು ನಮಗೂ ಕ್ಯಾಲೆಂಡರಿನಲ್ಲೇ ಇದೆಯಲ್ಲ! ಚಾಮರಾಜನಗರದಲ್ಲಿ ಕೂತಿರುವ ಜಿಲ್ಲಾಡಳಿತದ ಮಹನೀಯರೂ ಗುಂಡ್ಲುಪೇಟೆ ಪುರಸಭೆಯವರೂ ಮುಂದಿನ ಬಿತ್ತನೆಗೆ ಮುಂಚೆ ಒಮ್ಮೆ ಒಟ್ಟಿಗೆ ಕೂತು ಆ ಮೈದಾನ ಯಾವುದೆಂದು ಹೇಳಲಿ. ಅಲ್ಲಿ ಹೆಂಗಸರಿಗೆ ಶೌಚಾಲಯವೂ ಇರಲಿ.